ಕೊನೆಯವರು ಯಾರು?

ನಮ್ಮ ಬೋಮ್ ಊರಿನಲ್ಲಿ ‘ಜನರ ಮನೆ’ ಎಂಬ ಕಟ್ಟಡಕ್ಕೆ ಶನಿವಾರ ಬೆಳಿಗ್ಗೆ ಕಾಲಿಟ್ಟವರು ಮೊದಲು ಕೇಳುವ ಮಾತು ಒಂದೇ: "ಕೊನೆಯವರು ಯಾರು?" ಬೆಂಚಿನ ಮೇಲೆ ಕೂತವರಲ್ಲಿ ಒಬ್ಬರು ಕೈ ಎತ್ತುತ್ತಾರೆ. ಬಂದವರು ಆ ಮುಖವನ್ನು ನೆನಪಿಟ್ಟುಕೊಂಡು ಜಾಗ ಸಿಕ್ಕಿದ ಕಡೆ ಕೂರುತ್ತಾರೆ. ಚೀಟಿಯಿಲ್ಲ, ಗಂಟೆಯಿಲ್ಲ, ಹೆಸರು ಕೂಗುವವರಿಲ್ಲ. ಕೈ ಎತ್ತಿದವರು ಒಳಗೆ ಹೋಗಿ ಬಂದರೆ ಮುಂದಿನ ಸರದಿ ನಿಮ್ಮದು. ಜಗಳ ನಡೆದದ್ದನ್ನು ನಾನು ಕಂಡಿಲ್ಲ.

ಜನರ ಮನೆಯನ್ನು ಕಟ್ಟಿಸಿದವರು ನಮ್ಮ ಇಟ್ಟಿಗೆ ಗೂಡಿನ ಕೂಲಿಗಳು, ಸಮಾಜವಾದಿ ಪಕ್ಷದವರು. ಮುಂದೆ ಬಿಯರು ಕಾಫಿಯ ಅಂಗಡಿ, ಮೇಲೆ ಬ್ಯಾಂಡಿನವರು ತಾಲೀಮು ಮಾಡುವ ಅಟ್ಟ, ಹಿಂದೆ ಒಂದು ಚಿಕ್ಕ ಕೋಣೆ. ಆ ಕೋಣೆಯಲ್ಲಿ ಗೊಮ್ಮಾರ್ ಹೆಲ್ಲೆಮಾನ್ಸ್ ಪ್ರತಿ ಶನಿವಾರ ಕೂರುತ್ತಿದ್ದ. ಕಷ್ಟವಿದ್ದವರು ಹೋಗಿ ಹೇಳಿಕೊಳ್ಳುತ್ತಿದ್ದರು. ಗೋಡೆಗೆ ನೀರು ಹತ್ತಿದ ಮನೆ, ಬಾರದ ಪಿಂಚಣಿ, ಸೈನ್ಯಕ್ಕೆ ಕರೆ ಬಂದ ಮಗ. ಕಾರ್ಮಿಕ ಸಂಘದ ಕಾರ್ಯದರ್ಶಿಯಾಗಿದ್ದಾಗ ಶುರುಮಾಡಿದ. ಊರಿನ ಸಭೆಗೆ ಆರಿಸಿ ಬಂದ ಮೇಲೂ ಕೂತ, ಸಂಸತ್ತಿಗೆ ಹೋದ ಮೇಲೂ ಕೂತ. ಆಮೇಲೆ ಅವನನ್ನು ವಿದೇಶಾಂಗ ಮಂತ್ರಿ ಮಾಡಿದರು. ಇನ್ನು ಇವನೆಲ್ಲಿ ಬರುತ್ತಾನೆ, ಅರಮನೆಯವರ ಪಂಕ್ತಿಗೆ ಸೇರಿದ ಎಂದು ಊರೆಲ್ಲ ಅಂದುಕೊಂಡಿತು. ಮುಂದಿನ ಶನಿವಾರ ಬ್ರಸೆಲ್ಸ್‌ನ ರೈಲಿಳಿದು ಬಂದು, ಅದೇ ಬೂದು ಮಳೆಗೋಟನ್ನು ಅದೇ ಮೊಳೆಗೆ ತಗುಲಿಸಿ, "ಕೋಲೆತ್, ಕಾಫಿ ಕೊಡು. ಯಾರ್ ಯಾರು ಬಂದಿದ್ದಾರೆ?" ಎಂದ.

ಕೋಲೆತ್ ಅಂದರೆ ನಾನು. ಅಂಗಡಿ ನೋಡಿಕೊಳ್ಳುವವಳು. ಚರ್ಚಿನ ಗಂಟೆ ಬಾರಿಸುವವನ ಮಗಳಾಗಿ ಹುಟ್ಟಿ ಕೆಂಪು ಬಾವುಟದ ಮನೆಗೆ ಸೊಸೆಯಾಗಿ ಬಂದೆ. ಚರ್ಚಿನ ಬೆಳಗಿನ ಪೂಜೆ ತಪ್ಪಿಸಿದವಳಲ್ಲ. ಅದಕ್ಕೇ ನಮ್ಮವರು ನನ್ನನ್ನು ಕೆಂಪು ಸನ್ಯಾಸಿನಿ ಎಂದು ರೇಗಿಸುವುದು. ಗೊಮ್ಮಾರ್‌ಗೆ ದೇವರ ಮೇಲೆ ನಂಬಿಕೆ ಇರಲಿಲ್ಲ. ಆದರೂ ತೀರಾ ಕಷ್ಟದ ಕೆಲಸ ಬಂದಾಗ, "ನಾನು ಮಾಡೋದು ಮಾಡಿದ್ದೀನಿ. ನೀನು ನಿಮ್ಮ ಮೇಲಿನೋರ ಹತ್ರ ಒಂದು ಮಾತು ಹಾಕಿಡು," ಎನ್ನುತ್ತಿದ್ದ. ನಾನು ಒಂದು ಮೇಣದಬತ್ತಿ ಹಚ್ಚುತ್ತಿದ್ದೆ.

ಅವನೂ ನಾನೂ ಒಂದೇ ಗೂಡಿನ ಅಂಗಳದಲ್ಲಿ ಹಸಿ ಇಟ್ಟಿಗೆ ಮಗುಚಿ ಬೆಳೆದವರು. ನನ್ನ ಅಜ್ಜಿ ಮುಂದೆ ಕೂತು ಪದ್ಯ ಹೇಳುತ್ತಿದ್ದಳು, ಹಳೆಯ ರಾಜರ ಕಥೆ, ಸಂತರ ಕಥೆ, ಎಲ್ಲ ಪ್ರಾಸಕಟ್ಟಿದ್ದು. ಸಾಲು ಮುಗಿಯುವ ಕಡೆ ಎಲ್ಲ ಮಕ್ಕಳೂ ಒಟ್ಟಿಗೆ ಇಟ್ಟಿಗೆ ಮಗುಚಬೇಕು. ತಪ್ಪಿದರೆ ಮೂಲೆ ಮುರಿಯುತ್ತಿತ್ತು. ಗೊಮ್ಮಾರ್ ಮಂತ್ರಿಯಾಗಿ ರೇಡಿಯೋದಲ್ಲಿ ಮಾತಾಡುವಾಗ ನನಗೆ ಆ ತಾಳ ಕೇಳುತ್ತಿತ್ತು. ಒಂದು ವಾಕ್ಯ, ಸ್ವಲ್ಪ ನಿಲುಗಡೆ, ಆಮೇಲೆ ಇನ್ನೊಂದು.

"ಏನಯ್ಯಾ ಅದು, ವಿದೇಶಾಂಗ ಅಂದ್ರೆ?" ಎಂದು, ಮನೆಯ ಗೋಡೆಗೆ ನೀರು ಹತ್ತಿತೆಂದು ಶನಿವಾರ ಶನಿವಾರ ಬೆಂಚಿಗೆ ಬರುವ ಮುದುಕಿ ಮೆಲಾನಿ ಅಜ್ಜಿ ಒಮ್ಮೆ ಗೊಮ್ಮಾರ್‌ನನ್ನು ಕೇಳಿದಳು.

"ಇದೇ ಬೆಂಚು ಕಣಜ್ಜಿ. ಇನ್ನೂ ಉದ್ದ ಅಷ್ಟೇ. ಅಲ್ಲೂ ಒಬ್ಬನಿಗೆ ಪಕ್ಕದ ಮನೆಯೋನ ಬೇಲಿ ತಕರಾರು, ಇನ್ನೊಬ್ಬನ ಮಗ ಜೈಲಲ್ಲಿ. ಆದ್ರೆ ಅವರಿಗೆ ಸರದಿ ಗೊತ್ತಿಲ್ಲ. ದೊಡ್ಡೋರು ನುಗ್ತಾರೆ."

ಅದು ಬರಿಯ ಮಾತಾಗಿರಲಿಲ್ಲ. ಯಾವುದೋ ದೊಡ್ಡ ಸಭೆಯಲ್ಲಿ ಒಂದು ಪುಟ್ಟ ದ್ವೀಪದ ಮಂತ್ರಿ ಮಾತಾಡಲು ಎದ್ದಾಗ, ಭಾರಿ ದೇಶದವನೊಬ್ಬ ಅವನನ್ನು ದಾಟಿ ಮೈಕಿನ ಕಡೆ ನಡೆದನಂತೆ. ನಮ್ಮ ಗೊಮ್ಮಾರ್ ಕೂತಲ್ಲಿಂದಲೇ ನಮ್ಮ ಬೋಮ್ ಮಾತಿನಲ್ಲಿ, "ಕೊನೆಯವರು ಯಾರು?" ಎಂದು ಕೂಗಿದನಂತೆ. ಭಾಷಾಂತರದವರು ಕಕ್ಕಾಬಿಕ್ಕಿ. ದೊಡ್ಡ ದೇಶದವನಿಗೆ ಮಾತು ಅರ್ಥವಾಗದಿದ್ದರೂ ಆ ದನಿ ಅರ್ಥವಾಗಿ ಹಿಂದಕ್ಕೆ ಹೋಗಿ ಕೂತನಂತೆ. ಈ ಸುದ್ದಿ ಬಂದ ದಿನ ನನ್ನ ಅಂಗಡಿಯಲ್ಲಿ ಬಿಯರಿನ ಪೀಪಾಯಿ ಖಾಲಿಯಾಯಿತು.

ಈಗ ಇರ್ಮಾಳ ವಿಷಯ.

ಇರ್ಮಾ ನಮ್ಮೂರಿನ ಶಾಲೆ ಗುಡಿಸುವವಳು. ಗಂಡ ಲೂಡೊ ಹೂಳೆತ್ತುವ ಹಡಗಿನಲ್ಲಿ ಮೆಕ್ಯಾನಿಕ್ಕು. ನಮ್ಮ ಕಡೆಯ ಗಂಡಸರು ಪ್ರಪಂಚದ ಎಲ್ಲ ಬಂದರುಗಳ ಕೆಸರನ್ನೂ ಎತ್ತಿದವರೇ. ಲೂಡೊ ಕೆಲಸ ಮಾಡುತ್ತಿದ್ದ ದೂರದ ಬಂದರಿನಲ್ಲಿ, ಆ ದೇಶದ ಹೆಸರು ಬೇಡ, ಹಡಗುಕಟ್ಟೆಯ ಕೂಲಿಗಳು ಮುಷ್ಕರ ಹೂಡಿದರು. ಸೈನಿಕರು ಗುಂಡು ಹಾರಿಸಿದರು. ಓಡಿಬಂದವರಲ್ಲಿ ಕೆಲವರನ್ನು ಲೂಡೊ ತನ್ನ ಎಂಜಿನ್ ಕೋಣೆಯಲ್ಲಿ ಬಚ್ಚಿಟ್ಟು ಮುಂದಿನ ಹಡಗಿಗೆ ದಾಟಿಸಿದ. ಅದಕ್ಕೆ ಅವನನ್ನು ಜೈಲಿಗೆ ಹಾಕಿದರು. ಎಲೆ ಉದುರುವ ಕಾಲದಲ್ಲಿ ಹಿಡಿದವರು ಚಳಿಗಾಲ ಕಳೆದರೂ ಬಿಟ್ಟಿರಲಿಲ್ಲ. ಗೊಮ್ಮಾರ್ ಬರೆದ, ಮಾತಾಡಿದ, ಆಳು ಕಳಿಸಿದ. ಆ ಕಡೆಯಿಂದ ಉತ್ತರವೇ ಇಲ್ಲ. ಇರ್ಮಾ ಚಳಿಗಾಲದಲ್ಲಿ ಮತ್ತೆ ಮತ್ತೆ ಬ್ರಸೆಲ್ಸ್‌ಗೆ ಹೋಗಿ ಆ ದೇಶದ ರಾಯಭಾರ ಕಚೇರಿಯ ಗೇಟಿನ ಮುಂದೆ ಮಂಜಿನಲ್ಲಿ ನಿಂತು ಬಂದಳು. ಯಾರೂ ಬಾಗಿಲು ತೆರೆಯಲಿಲ್ಲ. ಶನಿವಾರ ಮಾತ್ರ ತಪ್ಪದೆ ನಮ್ಮ ಬೆಂಚಿಗೆ ಬರುತ್ತಿದ್ದಳು.

ಅದು ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ. ಹೊರಗೆ ರೂಪೆಲ್ ನದಿಯಿಂದ ಎದ್ದ ಮಂಜು. ಬಾಗಿಲು ತೆರೆದು ಒಬ್ಬ ಒಳಗೆ ಬಂದ. ಉದ್ದನೆಯ ಕಪ್ಪು ಉಣ್ಣೆಗೋಟು, ಚರ್ಮದ ಕೈಗವಸು, ನೀಟಾಗಿ ಕತ್ತರಿಸಿದ ಬಿಳಿ ಮೀಸೆ. ಯಾರನ್ನೂ ಏನೂ ಕೇಳದೆ ಹಿಂದಿನ ಕೋಣೆಯ ಕಡೆ ನಡೆದ.

"ಏಯ್! ಏಯ್ ಸ್ವಾಮಿ!" ಮೆಲಾನಿ ಅಜ್ಜಿ ಊರುಗೋಲು ಅಡ್ಡ ಹಿಡಿದಳು. ಅವಳ ಕೆಲಸ ಆಗಲೇ ಮುಗಿದಿತ್ತು. ಬೆಂಚು ಬಿಟ್ಟು ಏಳಲು ಮನಸ್ಸಿರಲಿಲ್ಲ. "ನಾವೆಲ್ಲ ಇಲ್ಲಿ ನೊಣ ಹೊಡೆಯೋಕೆ ಕೂತಿದ್ದೀವಾ?"

ಅವನು ಫ್ರೆಂಚಿನಲ್ಲಿ ಏನೋ ಹೇಳಿದ. ಮೆಲಾನಿ ಹುಡುಗಿಯಾಗಿದ್ದಾಗ ಬ್ರಸೆಲ್ಸ್‌ನ ಶ್ರೀಮಂತರ ಮನೆಯಲ್ಲಿ ಅಡಿಗೆ ಕೆಲಸ ಮಾಡಿದವಳು. ಅವಳಿಗೆ ಅಡಿಗೆಮನೆಯ ಫ್ರೆಂಚು ಬರುತ್ತಿತ್ತು. ತಕ್ಷಣ ಅದಕ್ಕೆ ಹೊರಳಿದಳು.

"ಕೊನೆಯವರು ಯಾರು ಅಂತ ಕೇಳ್ಬೇಕು ಇಲ್ಲಿ. ಕೇಳಿ."

"ಮದಾಮ್, ನಾನು..."

"ಕೇಳಿ ಅಂದ್ನಲ್ಲ."

ಅವನು ಸುತ್ತಲೂ ನೋಡಿ, "ಕೊನೆಯವರು ಯಾರು?" ಎಂದು ಮೆಲ್ಲಗೆ ಕೇಳಿದ. ಇರ್ಮಾ ಕೈ ಎತ್ತಿದಳು. ಅವಳ ಮುಂದೆ ಇದ್ದವನು ಆಗ ಒಳಗಿದ್ದ. ಇರ್ಮಾ ಹೋಗಿ ಬಂದರೆ ಇವನದೇ ಸರದಿ.

"ಹಾಂ, ಹಾಗೆ. ಕೂತ್ಕೊಳ್ಳಿ. ಮನೆಗಾ, ಪಿಂಚಣಿಗಾ?"

"ಮಂತ್ರಿಗಳ ಸಹಿ ಬೇಕಿತ್ತು."

"ಎಲ್ರೂ ಸಹಿಗೇ ಬರೋದು. ಪರದೇಶದಿಂದ ಬಂದಿದ್ದೀರಿ, ಮನೆಯೇ ಇರ್ಬೇಕು. ಮಕ್ಕಳೆಷ್ಟು?"

ಅವನಿಗೆ ನಗು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ. "ಐದು," ಎಂದ.

"ಐದು ಮಕ್ಕಳು! ಈ ಕೋಟು ನೋಡಿದ್ರೆ ಬ್ಯಾಂಕಿನ ಯಜಮಾನ ಅಂತಾರೆ. ಬಿಚ್ಚಿ, ಬಿಚ್ಚಿ. ಇದನ್ನ ಹಾಕ್ಕೊಂಡು ಒಳಗೆ ಹೋದ್ರೆ ಗೊಮ್ಮಾರ್ ನಿಮಗೆ ಕೋಳಿಗೂಡೂ ಕೊಡಿಸಲ್ಲ. ಕೋಲೆತ್, ಇವರ ಕೋಟು ಆ ಕಡೆ ಹಾಕು. ಐದು ಮಕ್ಕಳಂತೆ, ಪಾಪ. ತಿನ್ನೋಕೂ ಏನಾದ್ರೂ ಕೊಡು."

ಅವನು ನಿಜವಾಗಿಯೂ ಕೋಟು ಬಿಚ್ಚಿಕೊಟ್ಟ. ನಾನು ಅದನ್ನು ಗೊಮ್ಮಾರ್‌ನ ಮಳೆಗೋಟಿನ ಪಕ್ಕದ ಮೊಳೆಗೆ ತಗುಲಿಸಿ, ಕಾಫಿಯನ್ನೂ ಒಣದ್ರಾಕ್ಷಿ ಬ್ರೆಡ್ಡಿನ ಒಂದು ಹೋಳನ್ನೂ ತಂದಿಟ್ಟೆ. ಚಿಕೋರಿ ಹೆಚ್ಚಿದ ಕಾಫಿ. ಮುಖ ಕಿವುಚದೆ ಕುಡಿದ. ಆಮೇಲೆ ತಿಳಿಯಿತು: ಈ ಸಹಿಯ ವಿಷಯಕ್ಕೆ ಗೊಮ್ಮಾರ್ ಬ್ರಸೆಲ್ಸ್‌ನ ತನ್ನ ಕಚೇರಿಯಲ್ಲಿ ಅವನಿಗೆ ತಿಂಗಳುಗಟ್ಟಲೆ ಭೇಟಿ ಕೊಟ್ಟಿರಲಿಲ್ಲ. ಕೊನೆಗೆ ಗೊಮ್ಮಾರ್, "ಭೇಟಿ ಗೊತ್ತುಮಾಡದೆ ನನ್ನನ್ನು ಯಾರಾದರೂ ನೋಡಬಹುದು, ಶನಿವಾರ, ಬೋಮ್‌ನಲ್ಲಿ," ಎಂದು ಹೇಳಿಕಳಿಸಿದ್ದ. ಬರುವುದಿಲ್ಲ ಎಂದುಕೊಂಡೇ ಹೇಳಿದ್ದ. ಈತ ಬಂದುಬಿಟ್ಟ.

ಮಂಜು ಸ್ವಲ್ಪ ಸರಿಯಿತು. ಕಿಟಕಿಯಾಚೆ ನಿಂತಿದ್ದ ಕಾರಿನ ಮೂತಿಯಲ್ಲಿ ಒಂದು ಪುಟ್ಟ ಬಾವುಟ ಕಾಣಿಸಿತು. ನಾನು ಇರ್ಮಾಳಿಗೂ ಕೊಟ್ಟಿದ್ದ ಬ್ರೆಡ್ಡಿನ ಹೋಳು ಬಾಯಿಗೆ ಹೋಗದೆ ಮಡಿಲಿಗಿಳಿಯಿತು. ಆ ಗೇಟಿನ ಮೇಲೆ ಚಳಿಗಾಲವಿಡೀ ಅವಳು ನೋಡಿದ್ದು ಅದೇ ಬಾವುಟ.

"ಅಜ್ಜಿ, ಇವರನ್ನ ಕೇಳು. ಆ ಕಾರು ಇವರದಾ?"

ಮೆಲಾನಿ ಕೇಳಿದಳು. ಅವನು ಹೌದೆಂದು ತಲೆಯಾಡಿಸಿ, ತಾನು ಆ ದೇಶದ ರಾಯಭಾರಿ ಎಂದ.

"ಹಾಗಾದ್ರೆ ಮನೆ ಬೇಡ್ವಾ?" ಎಂದಳು ಮೆಲಾನಿ. 

"ನನ್ನ ಗಂಡ ನಿಮ್ಮ ಜೈಲಲ್ಲಿದ್ದಾನೆ," ಎಂದಳು ಇರ್ಮಾ. "ಲೂಡೊ ದ ಕ್ಲೆಯ್ನ್."

ಮೆಲಾನಿ ಅದನ್ನು ಫ್ರೆಂಚಿನಲ್ಲಿ ಹೇಳಿದಳು. ರಾಯಭಾರಿ ಬಟ್ಟಲನ್ನು ಕೆಳಗಿಟ್ಟ. ಬಹಳ ಹೊತ್ತು ಇರ್ಮಾಳ ಕೈಗಳನ್ನೇ ನೋಡಿದ, ಸೋಪಿನ ನೀರಿಗೆ ಒಡೆದ ಕೈಗಳು. ಕೆಟ್ಟ ಮನುಷ್ಯ ಎಂದು ನನಗೆ ಅನ್ನಿಸಲಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ. ಮೆಲಾನಿ ತುಂಡು ತುಂಡಾಗಿ ನಮಗೆ ತಿಳಿಸಿದಳು.

"ನಾನು ಒಂದು ಕಾಗದಕ್ಕೆ ಬಂದಿದ್ದೀನಿ ಅಂತಾರೆ. ಗೊಮ್ಮಾರ್ ಅದಕ್ಕೆ ಸಹಿ ಹಾಕಿದ್ರೆ... ನಿನ್ನ ಗಂಡ ಈಸ್ಟರ್ ಹಬ್ಬಕ್ಕೆ ಮನೇಲಿರ್ತಾನಂತೆ. ಮಾತು ಕೊಡ್ತೀನಿ ಅಂತಾರೆ ಕಣೇ."

ಅದು ಎಂಥ ಕಾಗದವೆಂದು ಯಾರೂ ಕೇಳಲಿಲ್ಲ. ಪತ್ರಿಕೆಗಳಲ್ಲಿ ಬಂದಿತ್ತು. ನಮ್ಮದೇ ದೇಶದ ಒಂದು ಕಾರ್ಖಾನೆಯ ಬಂದೂಕುಗಳು ಆ ದೇಶಕ್ಕೆ ಹೋಗಬೇಕಿತ್ತು. ವಿದೇಶಾಂಗ ಮಂತ್ರಿಯ ಒಪ್ಪಿಗೆ ಬಾಕಿಯಿತ್ತು. ಆ ಕಾರ್ಖಾನೆಯ ಕೆಲಸಗಾರರೂ ನಮ್ಮ ಪಕ್ಷದವರೇ, ಸಹಿಯಿಲ್ಲದೆ ತಮ್ಮ ಕೆಲಸ ನಿಂತಿತೆಂದು ಅವರೂ ಗೊಮ್ಮಾರ್‌ನನ್ನು ಬೈಯುತ್ತಿದ್ದರು.

ಮೆಲಾನಿ ಇರ್ಮಾಳ ತೋಳು ಹಿಡಿದಳು. "ಈಗ ನಿನ್ನ ಸರದಿ. ಒಳಗೆ ಹೋಗು, ಮೇಜಿನ ಮೇಲೆ ತಲೆ ಇಟ್ಟು ಅತ್ತುಬಿಡು. ಗೊಮ್ಮಾರ್‌ಗೆ ಅಳೋರನ್ನ ನೋಡೋಕಾಗಲ್ಲ. ಚಿಕ್ಕೋನಿದ್ದಾಗಿಂದ ಹಾಗೇ."

ಅದು ನಿಜ. ಅದೇ ನನ್ನ ಹೆದರಿಕೆ. ಇರ್ಮಾ ಅತ್ತಮೇಲೆ ಅದೇ ಕುರ್ಚಿಗೆ ರಾಯಭಾರಿ ಬಂದು ಕೂತರೆ ಗೊಮ್ಮಾರ್‌ನ ಕೈ ಸಹಿ ಹಾಕೀತು. ಹಾಕಿದ ಮೇಲೆ ಅವನು ಗೊಮ್ಮಾರ್ ಆಗಿ ಉಳಿಯಲಾರ. ಹಾಕದಿದ್ದರೆ ಇರ್ಮಾಳ ಮನೆ? ಏನು ಬೇಡಬೇಕೆಂದು ತೋಚದೆ ಏಪ್ರನ್ನಿನ ಜೇಬಿನಲ್ಲಿ ಜಪಸರವನ್ನು ಸುಮ್ಮನೆ ಹಿಡಿದುಕೊಂಡಿದ್ದೆ.

ಇರ್ಮಾ ಎದ್ದು ನಾನು ಕಾಫಿ ಸುರಿಯುವ ಕಟ್ಟೆಯ ಹತ್ತಿರ ಬಂದಳು.

"ಕೋಲೆತಕ್ಕ, ಒಂದು ಲೋಟ ನೀರು ಕೊಡು."

ಕೊಟ್ಟೆ. ಕುಡಿದಳು. "ಲೂಡೊ ಯಾಕೆ ಒಳಗೆ ಹೋದ ಹೇಳು?"

"ಗೊತ್ತಲ್ಲೇ. ಆ ಕೂಲಿಯವರನ್ನ ಬಚ್ಚಿಟ್ಟಿದ್ದಕ್ಕೆ."

"ಅವರ ಮೇಲೆ ಹಾರಿಸೋಕೆ ಬಂದೂಕು ಕೊಟ್ಟು ಇವನನ್ನ ಬಿಡಿಸ್ಕೊಂಡ್ರೆ, ನಾನು ಬೇಯಿಸಿ ಹಾಕಿದ್ದನ್ನ ತಿಂತಾನಾ ಅವನು? ತಟ್ಟೆ ಗೋಡೆಗೆ ಎಸೀತಾನೆ. ನಿಂಗೊತ್ತಿಲ್ಲ ಅವನ ಬುದ್ಧಿ." ಖಾಲಿ ಲೋಟವನ್ನು ಕಟ್ಟೆಯ ಮೇಲಿಟ್ಟಳು. "ಎಸೀಲಿ ಅನ್ಸುತ್ತೆ ಕಣಕ್ಕ. ತಟ್ಟೆ ಎಸಿಯೋಕಾದ್ರೂ ಮನೆಗೆ ಬರಲಿ ಅನ್ಸುತ್ತೆ."

ಹಿಂದಿನ ಕೋಣೆಯ ಬಾಗಿಲು ತೆರೆಯಿತು. ಒಳಗಿದ್ದವನು ಟೋಪಿ ಹಾಕಿಕೊಂಡು ಹೊರಬಂದ. ಅವನ ಹಿಂದೆ ಗೊಮ್ಮಾರ್, ಕನ್ನಡಕವನ್ನು ಹಣೆಯ ಮೇಲಕ್ಕೇರಿಸಿಕೊಂಡು, ಎಂದಿನಂತೆ. "ಮುಂದಿನವರು?"

ಅವನು ಬೆಂಚಿನಲ್ಲಿ ರಾಯಭಾರಿಯನ್ನು ಕಂಡ. ಕಟ್ಟೆಯ ಹತ್ತಿರ ನಿಂತಿದ್ದ ಇರ್ಮಾಳನ್ನೂ ಕಂಡ. 

"ಸರದಿ ನಂದು," ಎಂದಳು ಇರ್ಮಾ. "ಇವರಿಗೆ ಕೊಟ್ಟಿದ್ದೀನಿ. ಇವರು ಮೊದಲು ಹೋಗಲಿ. ನಿಮ್ಮ ಮಾತು ಮುಗಿದ ಮೇಲೆ ನಾನು ಬರ್ತೀನಿ."

ನಮ್ಮ ಬೆಂಚಿನಲ್ಲಿ ಸರದಿ ಬಿಟ್ಟುಕೊಡುವುದುಂಟು, ತನಗಿಂತ ಕಷ್ಟದಲ್ಲಿರುವವರಿಗೆ. ಹಾಗೆ ಕೊಟ್ಟದ್ದನ್ನು ಯಾರೂ ಪ್ರಶ್ನಿಸುವಂತಿಲ್ಲ. ಆದರೂ ಗೊಮ್ಮಾರ್ ಕೇಳಿದ, "ಎಲ್ಲಾ ಗೊತ್ತಿದ್ದು ಕೊಡ್ತಿದ್ದೀಯೇನಮ್ಮಾ?"

"ಗೊತ್ತಿದ್ದೇ ಕೊಡ್ತಿದ್ದೀನಿ, ಗೊಮ್ಮಾರಣ್ಣ. ಈಸ್ಟರ್ ಹಬ್ಬದ ಮಾತನ್ನೂ ಕೇಳಿಸ್ಕೊಂಡೇ."

ಅವನು ಕನ್ನಡಕವನ್ನು ಕೆಳಗಿಳಿಸಿ ಅವಳನ್ನು ನೋಡಿದ. ಆಮೇಲೆ ರಾಯಭಾರಿಗೆ ದಾರಿ ಬಿಟ್ಟು ನಿಂತ.

ಒಳಗೆ ಹೋದವರಿಗೆಲ್ಲ ಕಾಫಿ ಕೊಡುವುದು ನಮ್ಮಲ್ಲಿ ವಾಡಿಕೆ. ನಾನು ತಟ್ಟೆ ಹಿಡಿದು ಹೋದಾಗ ಮಾತು ಮುಗಿಯುತ್ತ ಬಂದಿತ್ತು. ಯುದ್ಧಕಾಲದಲ್ಲಿ ಫ್ರೆಂಚು ಆಡುವವರ ಮನೆಯಲ್ಲಿ ಅವಿತುಕೊಂಡಿದ್ದಾಗ ಕಲಿತದ್ದರಿಂದ ನನಗೂ ಫ್ರೆಂಚು ಅಷ್ಟಿಷ್ಟು ಅರ್ಥವಾಗುತ್ತದೆ.

"ಇಲ್ಲ," ಎಂದ ಗೊಮ್ಮಾರ್. ಒಂದು ವಾಕ್ಯ, ಒಂದು ನಿಲುಗಡೆ. "ಇವತ್ತಲ್ಲ. ಈಸ್ಟರ್‌ಗೂ ಅಲ್ಲ. ನಾನು ಈ ಕುರ್ಚಿಯಲ್ಲಿರೋ ತನಕ ಇಲ್ಲ."

"ಹೊರಗಿರೋ ಆ ಹೆಂಗಸಿನ ಬಗ್ಗೆ ಯೋಚನೆ ಮಾಡಿದ್ರಾ, ಮಂತ್ರಿಗಳೇ?"

"ಆಕೆ ತನ್ನ ಸರದಿಯನ್ನ ನಿಮಗೆ ಕೊಟ್ಟಳು. ನೀವು ಇನ್ನೂ ಅದರ ಅರ್ಥ ತಿಳ್ಕೊಂಡಿಲ್ಲ. ಆಕೆ ನನಗೆ ಹೇಳಬೇಕಾದ್ದನ್ನ ಹೇಳಿಬಿಟ್ಟಳು."

ರಾಯಭಾರಿ ಹೊರಬಂದು ಕೋಟು ತೊಟ್ಟುಕೊಂಡ. ಗುಂಡಿ ಹಾಕಲು ತುಂಬ ಹೊತ್ತು ಹಿಡಿಯಿತು.

"ಸಿಕ್ತಾ?" ಮೆಲಾನಿ ಕೇಳಿದಳು.

"ಇಲ್ಲ, ಮದಾಮ್."

"ಮುಂದಿನ ಶನಿವಾರ ಬನ್ನಿ. ನನ್ನ ಗೋಡೆ ವಿಷಯ ಹೋದ ವರ್ಷದಿಂದ ನಡೀತಿದೆ."

ಅವನು ಇರ್ಮಾಳ ಮುಂದೆ ಒಂದು ಗಳಿಗೆ ನಿಂತು, ತಲೆ ಬಾಗಿಸಿ ಹೋದ.

ಇರ್ಮಾ ಒಳಗೆ ಹೋದಳು. ಬಾಗಿಲು ಮುಚ್ಚಿರಲಿಲ್ಲ. ಗೊಮ್ಮಾರ್ ಎದ್ದುನಿಂತೇ ಮಾತಾಡಿದ. "ಇರ್ಮಾ, ಈಗ ನನ್ನ ಕೈ ಖಾಲಿ. ಅವರಿಗೆ ಕೊಡೋಕೆ ಏನೂ ಇಲ್ಲ. ಕೇಳೋದೊಂದು ಉಳಿದಿದೆ. ನಾನು ಕೇಳ್ತಾ ಹೋಗ್ತೀನಿ. ಅವರಿಗೆ ಸಾಕಾಗೋ ತನಕ ಕೇಳ್ತೀನಿ."

ಅಂದಿನಿಂದ ಅವನು ಎಲ್ಲಿ ಮಾತಾಡಲು ಎದ್ದರೂ, ಪ್ಯಾರಿಸ್ಸೋ ಜಿನೀವಾವೋ, ಕಲ್ಲಿದ್ದಲ ಬೆಲೆಯೋ ಮೀನು ಹಿಡಿಯುವ ಗಡಿಯೋ, ಮೊದಲ ವಾಕ್ಯ ಒಂದೇ: "ನಮ್ಮ ಬೋಮ್ ಊರಿನ ಲೂಡೊ ದ ಕ್ಲೆಯ್ನ್ ಇನ್ನೂ ಜೈಲಿನಲ್ಲಿದ್ದಾನೆ." ಮೊದಮೊದಲು ಪತ್ರಿಕೆಯವರು ನಕ್ಕರು. ಒಂದೇ ಹಾಡು ಬರುವ ಮಂತ್ರಿ ಎಂದು ಬರೆದರು. ಅವನ ಇಲಾಖೆಯವರೇ ತಲೆ ಚಚ್ಚಿಕೊಂಡರು. ನನಗೆ ಮಾತ್ರ ಅದು ಹೊಸದಾಗಿ ಕೇಳಲಿಲ್ಲ. ಚರ್ಚಿನಲ್ಲಿ ಮನವಿಮಾಲೆಯೆಂಬ ಪ್ರಾರ್ಥನೆಯಲ್ಲಿ ಪಾದ್ರಿ ಸಂತರ ಹೆಸರುಗಳನ್ನು ಹೇಳುತ್ತ ಹೇಳುತ್ತ ಬಂದರೆ ಕೂತವರು ತಾವಾಗಿಯೇ ಓಗೊಡುತ್ತಾರೆ, ಬಾಯಿ ಮುಚ್ಚಿಕೊಂಡಿರುವುದು ಕಷ್ಟ. ಹಾಗೆಯೇ ಆಯಿತು. ಸ್ವೀಡನ್ನಿನ ಮಂತ್ರಿಯೊಬ್ಬ ತನ್ನ ಭಾಷಣದಲ್ಲೂ ಆ ಹೆಸರು ಹೇಳಿದ. ಆ ಪುಟ್ಟ ದ್ವೀಪದವನು ಹೇಳಿದ. ಆಂಟ್‌ವರ್ಪ್ ಬಂದರಿನ ಕೂಲಿಗಳು ಆ ಬಾವುಟದ ಹಡಗುಗಳ ಸರಕು ಮುಟ್ಟುವುದಿಲ್ಲವೆಂದರು, ರಾಟರ್‌ಡ್ಯಾಮಿನವರೂ ಕೈಕಟ್ಟಿ ನಿಂತರು. ಕೊನೆಗೆ ಬಂದೂಕು ಕಾರ್ಖಾನೆಯ ಸಂಘದವರೂ ಬೋಮ್‌ಗೆ ಬಂದು ನನ್ನ ಅಂಗಡಿಯಲ್ಲಿ ಕೂತು ಇರ್ಮಾಳ ಕೈ ಕುಲುಕಿ ಹೋದರು. ಈಸ್ಟರ್ ಬಂತು, ಲೂಡೊ ಬರಲಿಲ್ಲ. ಬೇಸಿಗೆ ಕಳೆಯಿತು. ಇರ್ಮಾ ಸೊರಗಿಹೋದಳು. ಸರದಿ ಕೊಟ್ಟದ್ದರ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ.

ಎಲೆಗಳು ಮತ್ತೆ ಉದುರತೊಡಗಿದಾಗ ಬ್ರಸೆಲ್ಸ್‌ನಲ್ಲಿ ಸರ್ಕಾರ ಬಿತ್ತು, ಅಲ್ಲಿ ಬೀಳುತ್ತಲೇ ಇರುತ್ತದೆ. ಗೊಮ್ಮಾರ್‌ನ ಮಂತ್ರಿಗಿರಿ ಹೋಯಿತು. ಕಚೇರಿ ಬಿಡುವ ದಿನವೂ ಆ ರಾಯಭಾರಿಗೆ ಫೋನು ಮಾಡಿ ಆ ವಾಕ್ಯ ಹೇಳಿಯೇ ಕುರ್ಚಿ ಬಿಟ್ಟನಂತೆ. ಶನಿವಾರ ಎಂದಿನ ರೈಲಿಗೆ ಬಂದ. ಮಳೆಗೋಟು ಮೊಳೆಗೆ ಹಾಕಿದ.

"ಇನ್ನು ನಿನ್ನ ಮಾತು ಯಾರು ಕೇಳ್ತಾರಯ್ಯಾ?" ಎಂದಳು ಮೆಲಾನಿ.

"ನಿನ್ನ ಗೋಡೆಯಾದ್ರೂ ಕೇಳುತ್ತಲ್ಲ ಅಜ್ಜಿ," ಎಂದು ಒಳಗೆ ಹೋದ.

ಆ ಬೆಳಿಗ್ಗೆ ಬೆಂಚು ತುಂಬಿತ್ತು. ಬಾಗಿಲು ತೆರೆಯಿತು. ಮೊದಲು ಇರ್ಮಾ ಕಂಡಳು. ಅವಳ ಮುಖ ನೋಡಿದ್ದೇ ನಾನು ಕೈಯಲ್ಲಿದ್ದ ಕೆಟಲನ್ನು ಕಟ್ಟೆಯ ಮೇಲಿಟ್ಟೆ. ಅವಳ ಹಿಂದೆ ಒಬ್ಬ ಗಂಡಸು, ಮೈಗೆ ದೊಡ್ಡದಾದ ಅಂಗಿ, ಟೋಪಿಯಡಿ ಬೋಳಿಸಿದ ತಲೆ, ಕೆನ್ನೆಯೆಲ್ಲ ಎಲುಬು. ಹಿಂದಿನ ಸಂಜೆ ಯಾರಿಗೂ ಹೇಳದೆ ವಿಮಾನ ಹತ್ತಿಸಿ ಕಳಿಸಿದ್ದರಂತೆ.

ಬೆಂಚಿನವರೆಲ್ಲ ಒಟ್ಟಿಗೆ ಎದ್ದರು. "ಲೂಡೊ! ಹೋಗಪ್ಪಾ, ಒಳಗೆ ಹೋಗು! ಅವನಿಗೆ ತೋರಿಸು ಮುಖ!" ಯಾರೋ ಅತ್ತರು, ಯಾರೋ ಅಟ್ಟದ ಬ್ಯಾಂಡಿನವರನ್ನು ಕೂಗಿದರು.

ಲೂಡೊ ಕದಲಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದು ಬೆಂಚಿನ ಆ ತುದಿಯಿಂದ ಈ ತುದಿಯವರೆಗೆ ನೋಡಿದ. ಇರ್ಮಾ ಅವನ ಪಕ್ಕದಲ್ಲಿ ನೆಟ್ಟಗೆ ನಿಂತಿದ್ದಳು. ನಮ್ಮ ಚರ್ಚಿನ ಮಾತೆಯ ಪ್ರತಿಮೆಯೂ ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ಕಂಡಿಲ್ಲ.

"ಕೊನೆಯವರು ಯಾರು?" ಎಂದು ಲೂಡೊ ಕೇಳಿದ.

ಎದ್ದವರೆಲ್ಲ ಮತ್ತೆ ಕೂತರು. ಮೆಲಾನಿ ಅಜ್ಜಿ ಕಣ್ಣೊರೆಸಿಕೊಂಡು ಊರುಗೋಲನ್ನು ಮೇಲೆತ್ತಿದಳು.

"ನಾನು ಕಣಪ್ಪಾ. ಗೋಡೆ ವಿಷಯ, ಸ್ವಲ್ಪ ಹೊತ್ತು ಹಿಡಿಯುತ್ತೆ. ಕೂತ್ಕೋ."

ಅವನು ಕೂತ.